ಡಿಎನ್‌ಎ ರಿಪೇರಿ ಪ್ರೋಟೀನ್: ಮೇಡಂ ಅವರನ್ನು ಕೇಳಿ

ಅಡ್ಮಿನ್: ಇವತ್ತಿನ ವಿಷಯ ಓಜಿಜಿ1. ಡಿಎನ್‌ಎಯಲ್ಲಿ ಆಕ್ಸಿಜನ್‌ನಿಂದ ಕೆಟ್ಟ ಗ್ವಾನಿನ್ ಬೇಸನ್ನು (ಬೇಸ್ ಅಂದರೆ ಡಿಎನ್‌ಎಯ ಎ, ಟಿ, ಜಿ, ಸಿ ಅಕ್ಷರ; ಗ್ವಾನಿನ್ ಅದರಲ್ಲಿ ಜಿ), ಅಂದರೆ 8-ಆಕ್ಸೋಗ್ವಾನಿನ್ ಅನ್ನು, ಕಿತ್ತು ತೆಗೆಯುವ ಪ್ರೋಟೀನ್. ಜೀನ್ ಮನುಷ್ಯರದ್ದು, ತಯಾರಿಸುವುದು ಇ. ಕೋಲೈ ಬ್ಯಾಕ್ಟೀರಿಯಾದಲ್ಲಿ. ಧಾರವಾಡದ ಮೇಡಂಗೆ ಇದೇ ಕೆಲಸ. ಕೇಳಿ.

ಹಾವೇರಿ ಉಪನ್ಯಾಸಕ: ನಮಸ್ಕಾರ ಮೇಡಂ. ನಮ್ಮಲ್ಲಿ ಮೈನಸ್ 80 ಫ್ರೀಜರ್ ಇಲ್ಲ. ಈ ಪ್ರೋಟೀನ್ ಇಡೋಕೆ ಮೈನಸ್ 20 ನಡೆಯುತ್ತಾ?

ಮೇಡಂ: ನಮಸ್ಕಾರ ಸರ್. ಬಫರಿನಲ್ಲಿ, ಅಂದರೆ ಪ್ರೋಟೀನ್ ಇರುವ ದ್ರಾವಣದಲ್ಲಿ, ಶೇ. 50 ಗ್ಲಿಸರಾಲ್ ಇದ್ದರೆ ನಡೆಯುತ್ತೆ, ಅದು ಆ ಚಳಿಗೆ ಹೆಪ್ಪುಗಟ್ಟಲ್ಲ. ಆದರೆ ಫ್ರಾಸ್ಟ್-ಫ್ರೀ ಫ್ರೀಜರ್ ಬೇಡ. ಐಸ್ ಕರಗಿಸೋಕೆ ಅದು ಆಗಾಗ ತಾನೇ ಬಿಸಿಯಾಗುತ್ತೆ.

ಎಂ.ಎಸ್ಸಿ. ಧಾರವಾಡ: ಮೇಡಂ, 30 ಬೇಸ್‌ನ ಜೋಡಿ ಎಳೆ, ನಡುವೆ 8-ಆಕ್ಸೋಗ್ವಾನಿನ್. ಪ್ರೋಟೀನ್ ಹಾಕಿ 37 ಡಿಗ್ರಿಯಲ್ಲಿ ಒಂದು ಗಂಟೆ ಇಟ್ಟೆ. ಜೆಲ್‌ನಲ್ಲಿ ಒಂದೇ ಬ್ಯಾಂಡ್ (ತುಂಡಾಗಿದ್ದರೆ ಚಿಕ್ಕ ತುಂಡಿನ ಪಟ್ಟಿ ಬೇರೆ ಕಾಣಬೇಕಿತ್ತು), ಕತ್ತರಿಸಿಯೇ ಇಲ್ಲ. ಪ್ರೋಟೀನ್ ಸತ್ತಿದೆ ಅಂತಾರೆ ಗೈಡ್.

ಮೇಡಂ: ಯಾವ ಜೆಲ್? ಎದುರು ಎಳೆಯಲ್ಲಿ ಯಾವ ಬೇಸ್?

ಎಂ.ಎಸ್ಸಿ. ಧಾರವಾಡ: ನೇಟಿವ್ ಜೆಲ್, ಜೋಡಿ ಎಳೆಗಳನ್ನು ಬಿಡಿಸದೆ ಓಡಿಸೋದು. ಎದುರಿಗೆ ಸಿ.

ಗದಗಿನವ: ಕೊರಿಯರ್‌ನವರು ಮೇ ಬಿಸಿಲಲ್ಲಿ ಬಾಕ್ಸ್ ಇಳಿಸಿರ್ತಾರೆ, ಐಸ್ ನೀರಾಗಿರುತ್ತೆ. ಡೀಲರ್‌ಗೆ ವಾಪಸ್ ಕಳಿಸಿ.

ಡೀಲರ್ ಹುಬ್ಬಳ್ಳಿ: ಎಲ್ಲದಕ್ಕೂ ನಾವೇ ಕಾರಣ ಅಲ್ವಾ? ಬಾಕ್ಸ್ ಬಂದ ಮೇಲೆ ಮಧ್ಯಾಹ್ನದವರೆಗೂ ಟೇಬಲ್ ಮೇಲೆ ಇಡೋರು ಯಾರು?

ಗದಗಿನವ: ರೊಕ್ಕ ತಗೊಳ್ಳೋವಾಗ ಈ ಮಾತು ಬರಲ್ಲ ನಿಮಗೆ.

ಮೇಡಂ: ಪ್ರೋಟೀನ್ ಸತ್ತಿದೆ ಅಂತ ಈಗಲೇ ತೀರ್ಮಾನ ಮಾಡಬೇಡಮ್ಮ. ಎದುರಿಗೆ ಸಿ ಇದ್ದದ್ದು ಒಳ್ಳೆಯದಾಯ್ತು, ಎ ಇದ್ದಿದ್ದರೆ ಓಜಿಜಿ1 ಹೆಚ್ಚುಕಡಿಮೆ ಮುಟ್ಟುತ್ತಲೇ ಇರಲಿಲ್ಲ. ನನಗೆ ಅನುಮಾನ ಜೆಲ್ ಮೇಲೆ. ಈ ಪ್ರೋಟೀನ್ ಕೆಟ್ಟ ಬೇಸನ್ನು ಚೆನ್ನಾಗಿ ಕೀಳುತ್ತೆ, ಆದರೆ ಎಳೆಯ ಬೆನ್ನೆಲುಬನ್ನು ಕತ್ತರಿಸುವುದರಲ್ಲಿ ಸೋಮಾರಿ, ಹಾಗಾಗಿ ಬೇಸ್ ಹೋಗಿದ್ದರೂ ಎಳೆ ಇಡಿಯಾಗಿಯೇ ಉಳಿದಿರಬಹುದು. ಒಂದು ವೇಳೆ ಕತ್ತರಿಸಿದ್ದರೂ ನೇಟಿವ್ ಜೆಲ್‌ನಲ್ಲಿ ಎದುರು ಎಳೆ ಎರಡೂ ತುಂಡುಗಳನ್ನು ಹಿಡಿದಿರುತ್ತೆ. ನಿನಗೆ ಕಾಣೋದು ಅದೇ ಒಂದು ಬ್ಯಾಂಡ್. ರಿಯಾಕ್ಷನ್ ಮುಗಿದ ಮೇಲೆ 0.1 ಮೋಲಾರ್ ಸೋಡಿಯಂ ಹೈಡ್ರಾಕ್ಸೈಡ್, ಅಂದರೆ ಕಾಸ್ಟಿಕ್ ಸೋಡಾ, ಹಾಕಿ 90 ಡಿಗ್ರಿಯಲ್ಲಿ 5 ನಿಮಿಷ ಕಾಯಿಸು, ಬೇಸ್ ಹೋದ ಜಾಗದಲ್ಲಿ ಎಳೆ ತುಂಡಾಗುತ್ತೆ. ಆಮೇಲೆ ಎರಡು ಎಳೆಗಳನ್ನು ಬಿಡಿಸೋಕೆ ಫಾರ್ಮಮೈಡ್ ಬೆರೆಸಿ, 7 ಮೋಲಾರ್ ಯೂರಿಯಾ ಇರುವ ಜೆಲ್‌ನಲ್ಲಿ ಓಡಿಸು. ಪ್ರೋಟೀನ್ ಹಾಕದ ಟ್ಯೂಬಿಗೂ ಇದನ್ನೇ ಮಾಡು, ಇಲ್ಲದಿದ್ದರೆ ಸೋಡಾ ಕತ್ತರಿಸಿತೋ ಪ್ರೋಟೀನೋ ಗೊತ್ತಾಗಲ್ಲ. ಇನ್ನೊಂದು, ಕೆಲಸ ಮುಗಿದರೂ ಓಜಿಜಿ1 ಡಿಎನ್‌ಎಯನ್ನು ಬೇಗ ಬಿಡಲ್ಲ. ಡಿಎನ್‌ಎಗಿಂತ ಪ್ರೋಟೀನ್ ಜಾಸ್ತಿ ಇರಲಿ.

ರಾಣೆಬೆನ್ನೂರು: ಮೈನಸ್ 20ರಲ್ಲಿ ಇಡಬಹುದಾ ಮೇಡಂ?

ಮೇಡಂ: ಮೇಲೆ ಓದಿ.

ಗದಗಿನವ: ಫಾರ್ವರ್ಡ್ ಬಂದಿದೆ ನೋಡಿ. ಲಕ್ಷ್ಮಣಫಲದ ಜ್ಯೂಸ್ ಡಿಎನ್‌ಎ ರಿಪೇರಿ ಮಾಡುತ್ತಂತೆ, 2015ರಲ್ಲಿ ನೊಬೆಲ್ ಕೂಡ ಬಂದಿದೆಯಂತೆ.

ಮೇಡಂ: ಆ ನೊಬೆಲ್ ಲಿಂಡಾಲ್, ಮಾಡ್ರಿಚ್, ಸಂಜಾರ್ ಅವರಿಗೆ. ಜೀವಕೋಶ ಡಿಎನ್‌ಎಯನ್ನು ಹೇಗೆ ರಿಪೇರಿ ಮಾಡಿಕೊಳ್ಳುತ್ತೆ ಅಂತ ತೋರಿಸಿದ್ದಕ್ಕೆ. ಜ್ಯೂಸಿಗಲ್ಲ. ಇಂಥದ್ದು ಇಲ್ಲಿ ಹಾಕಬೇಡಿ.

ನವನಗರ: ಮೇಡಂ, ನಮ್ಮ ಕಾಕಾಗೆ ಕ್ಯಾನ್ಸರ್. ಇದೇ ಪ್ರೋಟೀನ್ ಇಂಜೆಕ್ಷನ್ ಕೊಡಿಸ್ತೀನಿ ಅಂತ ಒಬ್ಬರು ಅಡ್ವಾನ್ಸ್ ಕೇಳ್ತಿದ್ದಾರೆ.

ಮೇಡಂ: ಕೊಡಬೇಡಿ. ದಯವಿಟ್ಟು ಕೊಡಬೇಡಿ. ಬಾಟಲಿ ಮೇಲೆ ಸಂಶೋಧನೆಗೆ ಮಾತ್ರ ಅಂತ ಬರೆದಿರುತ್ತೆ. ಬ್ಯಾಕ್ಟೀರಿಯಾದಲ್ಲಿ ಮಾಡಿದ್ದು, ಅದರ ಎಂಡೋಟಾಕ್ಸಿನ್ ಎಂಬ ವಿಷ ರಕ್ತಕ್ಕೆ ಸೇರಿದರೆ ಜ್ವರ ಬಂದು ಬಿಪಿ ಕುಸಿಯಬಹುದು. ಚುಚ್ಚಿದ ಪ್ರೋಟೀನ್ ತಾನಾಗಿ ಜೀವಕೋಶದ ಒಳಗೂ ಹೋಗಲ್ಲ. ಅಷ್ಟಕ್ಕೂ ಕೆಲವು ಕ್ಯಾನ್ಸರ್‌ಗಳಿಗೆ ಕೊಡುವ ಒಲಾಪರಿಬ್ ಮಾತ್ರೆ ಪಾರ್ಪ್ ಎಂಬ ರಿಪೇರಿ ಪ್ರೋಟೀನನ್ನು ತಡೆಯುತ್ತೆ, ಕ್ಯಾನ್ಸರ್ ಕೋಶ ರಿಪೇರಿ ಆಗಬಾರದು ಅಂತಲೇ. ಕಾಕಾ ಅವರ ಡಾಕ್ಟರ್ ಹತ್ತಿರವೇ ಮಾತಾಡಿ.

ಗದಗಿನವ: ಇಂಗ್ಲಿಷ್ ಔಷಧಿ ಕಂಪನಿಗಳಿಗೆ ಜ್ಯೂಸ್ ಕಂಡ್ರೆ ಆಗಲ್ಲ, ಅಷ್ಟೇ.

ಡೀಲರ್ ಹುಬ್ಬಳ್ಳಿ: ಮೊದಲು ನೀವು ಕುಡಿದು ತೋರಿಸಿ.

ಗದಗಿನವ: ನಿಮ್ಮನ್ನ ಕೇಳಿಲ್ಲ ರೀ.

ಬಿ.ಎಸ್ಸಿ. ಗದಗ: ಮೇಡಂ, ನಿಮ್ಮ ಲ್ಯಾಬಲ್ಲಿ ಪ್ರಾಜೆಕ್ಟ್ ಸಿಗುತ್ತಾ?

ಅಡ್ಮಿನ್: ಜ್ಯೂಸ್ ಮಾತು ಬಂದ್. ಇನ್ನೊಂದು ಮೆಸೇಜ್ ಬಂದರೆ ತೆಗೆದುಹಾಕ್ತೀನಿ.

ರಾಣೆಬೆನ್ನೂರು: ಮೇಲೆ ಎಲ್ಲಿ ಮೇಡಂ? ಸಿಗ್ತಿಲ್ಲ.

ಎಂ.ಎಸ್ಸಿ. ಧಾರವಾಡ: ಸೋಡಾ ಬದಲು ಎಪಿಇ1 ಎಂಬ ಇನ್ನೊಂದು ರಿಪೇರಿ ಪ್ರೋಟೀನ್ ಹಾಕಿದರೆ?

ಮೇಡಂ: ಹಾಕು, ಅದು ಬೇಸ್ ಹೋದ ಜಾಗದಲ್ಲೇ ಕತ್ತರಿಸುತ್ತೆ, ಓಜಿಜಿ1ನ್ನೂ ಬೇಗ ಬಿಡಿಸುತ್ತೆ. ಆದರೆ ಅದಕ್ಕೆ ಮೆಗ್ನೀಸಿಯಂ ಬೇಕೇ ಬೇಕು. ನಿನ್ನ ಬಫರಿನಲ್ಲಿ ಮೆಗ್ನೀಸಿಯಂ ಹಿಡಿದಿಡುವ ಇಡಿಟಿಎ ಎಷ್ಟಿದೆ ನೋಡಿ ಹೇಳು.