ಹತ್ತಿ ಹೊಲದ ಪ್ರೇಮಕಥೆಯನ್ನು ಚಾಲಗೇಣಿ ಮನೆಗೆ ತರುವುದು ಹೇಗೆ?

ಪರದೆಹಿಂದೆ:
ಅಮೆರಿಕದ ದಕ್ಷಿಣ ರಾಜ್ಯಗಳ ಪಾಲುಗೇಣಿ ಕುಟುಂಬವೊಂದರ ಕಥೆಯನ್ನು 1960ರ ಸುಮಾರಿನ ಉಡುಪಿ ಕಡೆಯ ಚಾಲಗೇಣಿ (ಶಾಶ್ವತ ಹಕ್ಕಿಲ್ಲದ ಗೇಣಿ) ಮನೆಗೆ ಒಗ್ಗಿಸಿ ನಾಟಕ ಮಾಡುವ ಯೋಚನೆ ಉಂಟು. ಹಿರಿಮಗನಿಗೆ ಪಕ್ಕದ ಒಕ್ಕಲಿನ ಹುಡುಗಿಯ ಮೇಲೆ ಮನಸ್ಸು. ಅವನು ಮನೆ ಬಿಟ್ಟರೆ ಅಪ್ಪ, ಅಮ್ಮ, ಮೂವರು ತಂಗಿಯಂದಿರಿಗೆ ನೆಲ ತಪ್ಪುತ್ತದೆ. ಹತ್ತಿ ಇದ್ದಲ್ಲಿ ಭತ್ತ, ಅಂಗಡಿ ಸಾಲ ಇದ್ದಲ್ಲಿ ಗೇಣಿ ಬಾಕಿ ಅಂತ ಬರೆದರೆ ಸಾಕಾ? ಗೇಣಿ ಅಳೆದ ಮನೆಯವರೇ ನೋಡಲು ಬರುತ್ತಾರೆ, ತಪ್ಪಿದರೆ ಅಲ್ಲೇ ಹಿಡಿಯುತ್ತಾರೆ.

ಮಜಲುಗದ್ದೆ:
ಸಾಕಾಗುವುದಿಲ್ಲ. ಅಲ್ಲಿಯದ್ದು ಪಾಲು, ಇಲ್ಲಿಯದ್ದು ಮೊದಲೇ ಕಟ್ಟಿದ ಗೇಣಿ.

ಅಲ್ಲಿ ಕೈಯಲ್ಲಿ ಏನೂ ಇಲ್ಲದವನಿಗೆ ಹೇಸರಗತ್ತೆ, ನೇಗಿಲು, ಬೀಜ ಎಲ್ಲ ಧಣಿಯದ್ದು. ಬೆಳೆದ ಹತ್ತಿಯಲ್ಲಿ ಅರ್ಧ ಧಣಿಗೆ. ಸ್ವಂತ ಹೇಸರಗತ್ತೆ ಇದ್ದರೆ ಹತ್ತಿಯಲ್ಲಿ ಕಾಲು, ಮೆಕ್ಕೆಜೋಳದಲ್ಲಿ ಮೂರನೇ ಒಂದು ಕೊಡುವುದು ವಾಡಿಕೆ. ಮಾರ್ಚಿನಿಂದ ಬೇಸಿಗೆ ಮುಗಿಯುವವರೆಗೆ ಮೆಕ್ಕೆಜೋಳದ ಹಿಟ್ಟು, ಉಪ್ಪು ಹಾಕಿದ ಹಂದಿಮಾಂಸ, ಕಾಕಂಬಿ ಸಾಲದ ಮೇಲೆ. ವರ್ಷದ ಕೊನೆಗೆ ಲೆಕ್ಕ ಹಾಕುವಾಗ ಅದು ಬಡ್ಡಿಯೊಂದಿಗೆ ಒಕ್ಕಲಿನ ಅರ್ಧದಿಂದ ಕಳೆಯುತ್ತದೆ. ಎಷ್ಟು ಎಕರೆ ಕೊಡಬೇಕೆಂದು ಧಣಿ ನೋಡುವುದು ಮನೆಯಲ್ಲಿ ದುಡಿಯುವ ಕೈ ಎಷ್ಟು ಎಂದು. 500 ಪೌಂಡಿನ ಒಂದು ಹತ್ತಿ ಮೂಟೆಗೆ (ಬೇಲ್) ಗಿಡದಿಂದ ಬಿಡಿಸಿದ, ಬೀಜ ಸಹಿತ ಹತ್ತಿ ಸುಮಾರು 1,500 ಪೌಂಡು ಬೇಕು, ಮಕ್ಕಳೂ ಬಿಡಿಸಲೇಬೇಕು. ಮಗ ಹೋದರೆ ಕೈ ಕಡಿಮೆ, ಮುಂದಿನ ವರ್ಷ ನೆಲವೂ ಕಡಿಮೆ.

ಚಾಲಗೇಣಿಯಲ್ಲಿ ಕೋಣ, ಬೀಜ, ಗೊಬ್ಬರ ಒಕ್ಕಲಿನದ್ದೇ. ಇಷ್ಟು ಮುಡಿ (ಬೈಹುಲ್ಲಿನಲ್ಲಿ ಕಟ್ಟಿದ ಮೂಟೆ) ಅಕ್ಕಿ ಅಂತ ಮೊದಲೇ ಮಾತು. ನೆರೆ ಬಂದು ಏಣೆಲು (ಮಳೆಗಾಲದ ಮೊದಲ ಬೆಳೆ) ಕೊಳೆತರೂ ಮುಡಿಯ ಸಂಖ್ಯೆ ತಾನಾಗಿ ಇಳಿಯುವುದಿಲ್ಲ. ಹಾಗಾಗಿ ಮಗ ಹೋಗುವ ಹೊತ್ತು ಮುಖ್ಯ. ನೇಜಿ (ಭತ್ತದ ಸಸಿ) ನೆಡುವುದು ಹೆಂಗಸರು, ಉಳುವುದು ಗಂಡಸರು. ಕಾರ್ತೆಲಿನಲ್ಲಿ (ನಾಟಿಯ ತುಳು ತಿಂಗಳು, ಜೂನ್–ಜುಲೈ) ಅವನು ಇಲ್ಲದಿದ್ದರೆ ತಂಗಿಯರು ಮೂವರಿದ್ದೂ ಪ್ರಯೋಜನ ಇಲ್ಲ, ನೇಜಿ ಸಸಿಮಡಿಯಲ್ಲೇ ಬಲಿಯುತ್ತದೆ. ಅದರ ಮುಂದಿನ ಆಟಿ ತಿಂಗಳಲ್ಲಿ ಶುಭಕಾರ್ಯ ಇಲ್ಲ, ಆಗ ಮದುವೆ ಇಡಬೇಡಿ, ಸಭೆಯೇ ನಗುತ್ತದೆ.

ಕಟ್ಟುಕಟ್ಟಳೆ:
ಅದಕ್ಕಿಂತ ಮೊದಲು ಯಾರ ಮನೆ ಅಂತ ಹೇಳಿ ಮಾರಾಯ್ರೆ. ಬಂಟರ ಅಥವಾ ಬಿಲ್ಲವರ ಮನೆಯಾದರೆ ಅಳಿಯಕಟ್ಟು, ಅಂದರೆ ಆಸ್ತಿ ತಾಯಿಯ ಕಡೆಯಿಂದ, ಮಾವನಿಂದ ಸೋದರಳಿಯನಿಗೆ. ಹುಡುಗನ ಹೆಗಲ ಮೇಲಿರುವುದು ಅಪ್ಪನ ಗೇಣಿ ಅಲ್ಲ, ಸೋದರಮಾವನದ್ದು. ಹುಡುಗ ಉತ್ತ ಗದ್ದೆ ಅವನ ನಂತರ ತಂಗಿಯರ ಮಕ್ಕಳಿಗೆ. ಕಟ್ಟಿನ ಪ್ರಕಾರ ಮೆಚ್ಚಿ ತಂದ ಹೆಂಡತಿಗೂ ಅವಳ ಮಕ್ಕಳಿಗೂ ಅದರಲ್ಲಿ ಸಂಬಂಧ ಇಲ್ಲ, ಅವರದ್ದು ಅವಳ ತಾಯಿಮನೆ. ಪಾಲು ಕೇಳುವ ದಾರಿಯನ್ನು 1949ರ ಮದರಾಸು ಅಳಿಯಸಂತಾನ ಕಾಯ್ದೆ ತೆರೆದಿತ್ತು, ಆದರೆ ಚಾಲಗೇಣಿಯ ಮನೆಯಲ್ಲಿ ಹಂಚಲು ಸ್ವಂತದ್ದು ಅಂತ ಇದ್ದದ್ದೇನು? ನನ್ನ ಪ್ರಕಾರ ಮೂಲ ಕಥೆಗಿಂತ ಇದೇ ಗಟ್ಟಿ ಬಿಕ್ಕಟ್ಟು. ಅಪ್ಪ–ಮಗನ ಜಗಳವೇ ಬೇಕೆಂದರೆ ಕೊಂಕಣಿ ಕ್ರೈಸ್ತರ ಒಕ್ಕಲು ಮಾಡಿ, ಅಲ್ಲಿ ಅಪ್ಪನಿಂದ ಮಗನಿಗೆ.

ಇನ್ನೊಂದು, ಅಳಿಯಕಟ್ಟಿನವರಾದರೆ ಬಳಿ (ತಾಯಿಯ ಕಡೆಯಿಂದ ಬರುವ, ಗೋತ್ರದಂಥ ಕುಲ) ನೋಡಿಕೊಳ್ಳಿ. ಒಂದೇ ಬಳಿಯಾದರೆ ಹುಡುಗಿ ತಂಗಿಯಾಗುತ್ತಾಳೆ, ನಾಟಕ ಅಲ್ಲಿಗೇ ಮುಗಿಯಿತು.

ಬೈಹುಲ್ಲು:
ಗೇಣಿ ಅಳೆಯುವ ದೃಶ್ಯದಲ್ಲಿ ಗೋಣಿಚೀಲ ತರಬೇಡಿ, ದಯವಿಟ್ಟು. 14 ಸೇರಿಗೆ ಒಂದು ಕಳಸೆ, 3 ಕಳಸೆಗೆ ಒಂದು ಮುಡಿ, ಅಂದರೆ 42 ಸೇರು. ಕೊಡಬೇಕಾದದ್ದು ಅಕ್ಕಿಯಾದ ಕಾರಣ ಭತ್ತ ಬೇಯಿಸಿ, ಒಣಗಿಸಿ, ಕುಟ್ಟುವ ಕೆಲಸವೂ ಒಕ್ಕಲಿನ ಹೆಂಗಸರದ್ದೇ.

ಕಟ್ಟುವುದು ಹೀಗೆ: ಉದ್ದದ ಬೈಹುಲ್ಲನ್ನು ನೆಲದಲ್ಲಿ ಸುತ್ತಲೂ ಹರಡಿ, ನಡುವೆ ಅಕ್ಕಿ ಸುರಿದು, ಹುಲ್ಲಿನ ತುದಿಗಳನ್ನು ಮೇಲೆತ್ತಿ ಸೇರಿಸಿ, ಹುಲ್ಲಿನದ್ದೇ ಹಗ್ಗದಿಂದ ಸುತ್ತಬೇಕು. ಸುತ್ತುತ್ತಾ ಮರದ ಕೊಡತಿಯಿಂದ ಬಡಿದು ಬಡಿದು ಉರುಟು ಮಾಡುವುದು. ಬಡಿತ ಕಡಿಮೆಯಾದರೆ ಹೊರುವಾಗ ಸಡಿಲುತ್ತದೆ. ಅಕ್ಕಿ ಸರಿಯಾಗಿ ಒಣಗದಿದ್ದರೆ ಒಳಗೇ ಮುಗ್ಗಲು. ನಾಟಕಕ್ಕೆ ಒಳಗೆ ಉಮಿ ತುಂಬಬಹುದು, ಆದರೆ ಹೊರುವವನ ಕುತ್ತಿಗೆಯಲ್ಲಿ ಭಾರ ಕಾಣಬೇಕು. ತಲೆಗೆ ಸಿಂಬೆ ಮರೆಯಬೇಡಿ.

ಪರದೆಹಿಂದೆ:
ಕೊನೆಯ ಅಂಕವನ್ನು ಡಿಕ್ಲರೇಷನ್ ಕಾಲಕ್ಕೆ, ಅಂದರೆ ಭೂಸುಧಾರಣೆಯಲ್ಲಿ ಒಕ್ಕಲುಗಳು ನೆಲಕ್ಕೆ ಅರ್ಜಿ ಹಾಕಿದ ಕಾಲಕ್ಕೆ ತಂದರೆ ಹೇಗೆ? ಭೂಮಿ ಸಿಕ್ಕಿತು, ಹುಡುಗ ಹಿಂದೆ ಬಂದ ಅಂತ.

ಮಜಲುಗದ್ದೆ:
ಅಷ್ಟು ಸಲೀಸಲ್ಲ. ಗೇಣಿಯ ನೆಲ ಸರಕಾರಕ್ಕೆ ಸೇರಿದ್ದು 1974ರ ಮಾರ್ಚ್ 1ಕ್ಕೆ. ಆಮೇಲೆ ನಮೂನೆ 7ರಲ್ಲಿ ಅರ್ಜಿ, ತಾಲೂಕಿನ ಭೂ ನ್ಯಾಯಮಂಡಳಿಯಲ್ಲಿ ವಿಚಾರಣೆ. ಅರ್ಜಿಯ ಗಡುವು 1979ರ ಜೂನ್ 30ರವರೆಗೂ ಎಳೆಯಿತು. ಸಾಮಾನ್ಯವಾಗಿ ಅರ್ಜಿ ಹಾಕುವುದು ಮನೆಯ ಯಜಮಾನ. ಅದು ಅವನೊಬ್ಬನಿಗೋ ಕುಟುಂಬಕ್ಕೋ ಎಂಬ ವ್ಯಾಜ್ಯ ಎಷ್ಟೋ ಮನೆಗಳಲ್ಲಿ ಕೋರ್ಟಿಗೆ ಹೋಗಿದೆ. ಬಿಟ್ಟುಹೋದ ಮಗನನ್ನು ಆ ಅರ್ಜಿಯ ಮುಂದೆ ನಿಲ್ಲಿಸಿ.

ಇನ್ನು ಸಾಕ್ಷಿ. ಪಹಣಿಯ ಸಾಗುವಳಿ ಕಾಲಂನಲ್ಲಿ ಧಣಿಯ ಹೆಸರೇ ಇದ್ದು, ಗೇಣಿ ರಶೀದಿಯೂ ಇಲ್ಲದಿದ್ದರೆ ಉಳಿಯುವುದು ನೆರೆಕರೆಯವರ ಮಾತು. ನಿಮ್ಮ ಕಥೆಯಲ್ಲಿ ಪಕ್ಕದ ಗದ್ದೆಯ ಒಕ್ಕಲು ಹುಡುಗಿಯ ಅಪ್ಪನೇ ಅಲ್ವಾ?