ಪುಣೆಯ ನವಲೆ ಸೇತುವೆ ಹತ್ರ ಟೆಂಪೋ ಗುದ್ದಿ ಓಡಿಹೋಗಿದೆ, ನಂಬರ್ ಅರ್ಧ ಮಾತ್ರ ಗೊತ್ತು. ಮುಂದೇನು?

ವಾರ್ಜೆ_ಗದಗ:
ಪುಣೆಯಲ್ಲಿರೋ ಕನ್ನಡದವರು ದಯವಿಟ್ಟು ಹೇಳಿ. ನಿನ್ನೆ ರಾತ್ರಿ 11ರ ಸುಮಾರಿಗೆ ಕಾತ್ರಜ್ ಹೊಸ ಸುರಂಗ ದಾಟಿ ಇಳಿಜಾರಿನಲ್ಲಿ ಬರುವಾಗ ಬಿಳಿ ಟೆಂಪೋ ಕಾರಿನ ಎಡ ಮುಂಭಾಗಕ್ಕೆ ಗುದ್ದಿ ನಿಲ್ಲದೆ ಹೋಯಿತು. ಎಂಎಚ್ 14, ಕೊನೆಗೆ 37, ಇಷ್ಟೇ ಕಂಡದ್ದು. ಹೆಂಡತಿಯ ಮಣಿಕಟ್ಟಿನ ಮೂಳೆ ಮುರಿದಿದೆ, ಖಾಸಗಿ ಆಸ್ಪತ್ರೆಯಲ್ಲಿ ಪ್ಲಾಸ್ಟರ್ ಹಾಕಿದ್ದಾರೆ. ಕಾರು ಸರ್ವಿಸ್ ರೋಡಲ್ಲೇ ಇದೆ, ಕೆಳಗೆ ಹಸಿರು ನೀರು ಸೋರಿದೆ. ಕಂಪ್ಲೇಂಟ್ ಇನ್ನೂ ಕೊಟ್ಟಿಲ್ಲ. ಫುಲ್ ಇನ್ಶೂರೆನ್ಸ್ ಇದೆ. ಮೊದಲು ಠಾಣೆಯೋ, ಇನ್ಶೂರೆನ್ಸೋ?

ಶಿವಾಜಿನಗರ_ವಕೀಲ:
ಇನ್ಶೂರೆನ್ಸ್‌ಗೆ ಫೋನ್ ಮಾಡಿ ಕ್ಲೇಮ್ ನಂಬರ್ ತಗೊಳ್ಳೋಕೆ ಹತ್ತು ನಿಮಿಷ ಸಾಕು. ಅದು ಮುಗಿಸಿ ನೇರ ಠಾಣೆಗೆ ಹೋಗಿ. ಆ ಜಾಗ ನಮ್ಮ ಠಾಣೆಗೆ ಬರಲ್ಲ ಅಂದರೆ ಝೀರೋ ಎಫ್‌ಐಆರ್ ಕೇಳಿ, ಯಾವ ಠಾಣೆಯಲ್ಲಾದರೂ ಬರೆದುಕೊಳ್ಳಬೇಕು.

ಇವತ್ತೇ ಹೋಗಿ ಅನ್ನೋದು ಸಿಸಿಟಿವಿಗೋಸ್ಕರ. ಬಂಕ್, ಹೋಟೆಲ್‌ಗಳ ಡಿವಿಆರ್‌ನಲ್ಲಿ (ಕ್ಯಾಮೆರಾ ದೃಶ್ಯ ರೆಕಾರ್ಡ್ ಮಾಡೋ ಡಬ್ಬಿ) ಜಾಗ ತುಂಬಿದರೆ ಹಳೆಯದು ಅಳಿಸಿ ಹೊಸದು ಕೂರುತ್ತೆ, ಕೆಲವು ಕಡೆ ಒಂದು ವಾರವೂ ಉಳಿಯಲ್ಲ. ಪರದೆಯನ್ನು ಮೊಬೈಲಲ್ಲಿ ಶೂಟ್ ಮಾಡಿಕೊಂಡದ್ದು ಸುಳಿವಿಗಷ್ಟೇ. ಮೂಲ ಫೈಲ್ ಉಳಿಸಿಡಲು ಮಾಲೀಕರನ್ನು ಕೇಳಿಕೊಳ್ಳಿ. ಅದನ್ನು ವಶಕ್ಕೆ ಪಡೆಯೋದು, ಸಾಕ್ಷ್ಯ ಅಧಿನಿಯಮದ ಕಲಂ 63ರ ಪ್ರಮಾಣಪತ್ರ (ಎಲೆಕ್ಟ್ರಾನಿಕ್ ದಾಖಲೆ ಕೋರ್ಟಲ್ಲಿ ನಿಲ್ಲೋಕೆ ಬೇಕಾದದ್ದು) ಮಾಡಿಸೋದು ತನಿಖಾಧಿಕಾರಿಯ ಕೆಲಸ. ಇನ್ನೊಂದು ಮಾತು: ಡಿವಿಆರ್ ಗಡಿಯಾರವನ್ನೂ ನಿಮ್ಮ ಮೊಬೈಲ್ ಗಡಿಯಾರವನ್ನೂ ಒಂದೇ ಫೋಟೋದಲ್ಲಿ ಹಿಡಿಯಿರಿ. ಡಿವಿಆರ್ ಟೈಮ್ ಹಿಂದೆಮುಂದೆ ಇರೋದು ಮಾಮೂಲು. ಎಷ್ಟು ವ್ಯತ್ಯಾಸ ಅಂತ ಗೊತ್ತಿಲ್ಲದಿದ್ದರೆ ಬೇರೆ ಯಾವುದೋ ಟೆಂಪೋ ಹಿಂದೆ ಬೀಳ್ತೀರಿ.

ಟೆಂಪೋ ಸಾತಾರಾ ಕಡೆಯಿಂದ ಬಂದಿದ್ದರೆ ಖೇಡ್ ಶಿವಾಪುರ ಟೋಲ್ ದಾಟಿರಬೇಕು. ಅಲ್ಲಿಯ ಫಾಸ್ಟ್ಯಾಗ್ ದಾಖಲೆಯಲ್ಲಿ ನಂಬರೂ ವಾಹನದ ವರ್ಗವೂ ಇರುತ್ತೆ. ನಿಮಗೆ ಕೊಡಲ್ಲ, ಪೊಲೀಸರು ಕೇಳಿದರೆ ಕೊಡಬೇಕು. ಆದ್ದರಿಂದ ದೂರಿನಲ್ಲೇ ಟೋಲ್ ಹೆಸರು, ಸಮಯ, ಎಂಎಚ್ 14, ಕೊನೆಯ 37, ಬಣ್ಣ ಎಲ್ಲ ಬರೆಯಿರಿ. ಖಚಿತ ಇಲ್ಲದ ಅಂಕಿ ಊಹಿಸಿ ಬರೆಯಬೇಡಿ, ಮುಂದೆ ಎದುರು ವಕೀಲರು ಹಿಡಿಯೋದೇ ಅಲ್ಲಿ. ಜಬಾಬ್ (ನಿಮ್ಮ ಹೇಳಿಕೆ) ಮರಾಠಿಯಲ್ಲಿ ಬರೆಯುತ್ತಾರೆ, ಪೂರ್ತಿ ಓದಿಸಿಕೊಂಡು ಸಹಿ ಹಾಕಿ. ಎಫ್‌ಐಆರ್ ಪ್ರತಿ ಪುಕ್ಕಟೆ.

ಡೆಂಟಿಂಗ್_ಪೇಂಟಿಂಗ್:
ಹಸಿರು ನೀರು ಅಂದರೆ ಕೂಲಂಟ್. ರೇಡಿಯೇಟರ್ ಒಡೆದಿರಬೇಕು. ದಯವಿಟ್ಟು ಸ್ಟಾರ್ಟ್ ಮಾಡಬೇಡಿ ಸರ್. ಗ್ಯಾರೇಜ್‌ವರೆಗೆ ಓಡಿಸೋಣ ಅಂತ ಹೋಗಿ ಎಂಜಿನ್ ಸೀಜ್ ಆದರೆ, ಅದು ಅಪಘಾತದ ಹಾನಿಯಲ್ಲ, ಆಮೇಲೆ ಓಡಿಸಿದ್ದರಿಂದ ಆದದ್ದು ಅಂತ ಇನ್ಶೂರೆನ್ಸ್ ಸರ್ವೇಯರ್ ಹೊಡೆದುಹಾಕ್ತಾರೆ. ರೇಡಿಯೇಟರ್ ಖರ್ಚೆಲ್ಲಿ, ಎಂಜಿನ್ ಖರ್ಚೆಲ್ಲಿ! ಟೋಯಿಂಗೇ ಮಾಡಿಸಿ. ಸಾಮಾನ್ಯ ಪಾಲಿಸಿಯಲ್ಲಿ ಅದಕ್ಕೆ 1,500 ರೂಪಾಯಿವರೆಗೆ ಸಿಗುತ್ತೆ, ರೋಡ್‌ಸೈಡ್ ಅಸಿಸ್ಟೆನ್ಸ್ ಇದ್ದರೆ ಅವರನ್ನೇ ಕರೆಯಿರಿ.

ಎಳೆಯೋ ಮೊದಲು ಫೋಟೋ ತೆಗೀರಿ. ಗೀಚಿದ ಜಾಗಕ್ಕೆ ನೆಲದಿಂದ ಟೇಪ್ ಹಿಡಿದು ಒಂದು, ಅಂಟಿಕೊಂಡ ಬಿಳಿ ಬಣ್ಣದ್ದು ಹತ್ತಿರದಿಂದ ಒಂದು. ಗುದ್ದಿದ ಜಾಗದಲ್ಲಿ ಲೈಟ್ ಅಥವಾ ಮಿರರ್ ಚೂರು ಬಿದ್ದಿದ್ದರೆ ಹಿಂಬದಿ ನೋಡಿ: ಪ್ಲಾಸ್ಟಿಕ್‌ನಲ್ಲೇ ಕಂಪನಿ ಗುರುತು, ಪಾರ್ಟ್ ನಂಬರ್ ಅಚ್ಚಾಗಿರುತ್ತೆ. ಅದರಿಂದ ಮಾಡೆಲ್ ಗೊತ್ತಾಗುತ್ತೆ. ಹಗಲಲ್ಲೇ, ಪೊಲೀಸರ ಜೊತೆಗೇ ಹೋಗಿ, ಚೂರುಗಳು ಪಂಚನಾಮೆಯಲ್ಲೇ ಸೇರಲಿ. ಆ ಇಳಿಜಾರಲ್ಲಿ ಹೈವೇ ಮೇಲೆ ಒಬ್ಬರೇ ಹುಡುಕೋಕೆ ಇಳಿಯಬೇಡಿ.

ದುಡ್ಡಿನ ಲೆಕ್ಕ: ತಪ್ಪು ನಿಮ್ಮದಲ್ಲದಿದ್ದರೂ ಓನ್ ಡ್ಯಾಮೇಜ್ ಕ್ಲೇಮ್ (ನಿಮ್ಮ ಪಾಲಿಸಿಯಿಂದಲೇ ನಿಮ್ಮ ಕಾರಿನ ರಿಪೇರಿ) ಮಾಡಿದರೆ ನೋ ಕ್ಲೇಮ್ ಬೋನಸ್ (ಕ್ಲೇಮ್ ಮಾಡದವರಿಗೆ ಪ್ರೀಮಿಯಂನಲ್ಲಿ ಸಿಗೋ ರಿಯಾಯಿತಿ) ಹೋಗುತ್ತೆ, ಅದನ್ನು ಕಾಪಾಡೋ ಆಡ್‌ಆನ್ ಇದ್ದರೆ ಬೇರೆ ಮಾತು. ಝೀರೋ ಡೆಪ್ (ಸವಕಳಿ ಕಡಿತ ತಪ್ಪಿಸೋ ಆಡ್‌ಆನ್) ಇಲ್ಲದಿದ್ದರೆ ಬಂಪರಿನಂಥ ಪ್ಲಾಸ್ಟಿಕ್‌ಗೆ ಅರ್ಧ ಕಡಿತ, ಗಾಜಿಗೆ ಕಡಿತವಿಲ್ಲ, ಲೋಹಕ್ಕೆ ಕಾರಿನ ವಯಸ್ಸಿನ ಮೇಲೆ. 1500 ಸಿಸಿವರೆಗಿನ ಕಾರಿಗೆ ಇನ್ನೂ 1,000 ನಿಮ್ಮ ಪಾಲು. ಬರೀ ಗೀರಾಗಿದ್ದರೆ ಕ್ಲೇಮ್ ಬೇಡ ಅಂತಿದ್ದೆ. ರೇಡಿಯೇಟರ್ ಹೋದ ಮೇಲೆ ಮಾಡೋದೇ ಸರಿ.

ಶಿವಾಜಿನಗರ_ವಕೀಲ:
ಹೆಂಡತಿಯವರ ವಿಷಯ ಬೇರೆ. ಮೂಳೆ ಮುರಿತ ಕಾನೂನಿನಲ್ಲಿ ತೀವ್ರ ಗಾಯ. ಟೆಂಪೋ ಸಿಗದೇ ಹೋದರೆ ಮೋಟಾರು ವಾಹನ ಕಾಯ್ದೆ ಕಲಂ 161ರಲ್ಲಿ 50,000 ರೂಪಾಯಿ ಪರಿಹಾರವಿದೆ (ಸಾವಾದರೆ 2 ಲಕ್ಷ). 2022ರ ಯೋಜನೆಯ ಫಾರ್ಮ್ 1 ತುಂಬಿ ಅಪಘಾತವಾದ ತಾಲೂಕಿನ ತಹಸೀಲ್ದಾರ್ ಅಥವಾ ಪ್ರಾಂತಾಧಿಕಾರಿ ಕಚೇರಿಗೆ ಕೊಡಿ, ಮಂಜೂರು ಮಾಡೋರು ಜಿಲ್ಲಾಧಿಕಾರಿ. ಕಾರಿನ ಹಾನಿಗೆ ಇದರಲ್ಲಿ ಪೈಸೆ ಇಲ್ಲ. ಟೆಂಪೋ ಸಿಕ್ಕರೆ ದಾರಿ ಬದಲು: ಅದರ ವಿಮಾ ಕಂಪನಿ ವಿರುದ್ಧ ಮೋಟಾರು ಅಪಘಾತ ನ್ಯಾಯಮಂಡಳಿಗೆ ಅರ್ಜಿ, ಅಪಘಾತವಾಗಿ 6 ತಿಂಗಳೊಳಗೆ.

ಆಸ್ಪತ್ರೆಯ ಕೇಸ್ ಪೇಪರ್ ಈಗಲೇ ತೆಗೆದು ನೋಡಿ. ಗಡಿಬಿಡಿಯಲ್ಲಿ "ಬಿದ್ದು ಪೆಟ್ಟು" ಅಂತ ಗೀಚಿರುತ್ತಾರೆ, ಹಾಗಿದ್ದರೆ ಎಲ್ಲ ಅರ್ಜಿಯೂ ಅಲ್ಲೇ ಸಿಕ್ಕಿಹಾಕಿಕೊಳ್ಳುತ್ತೆ. ರಸ್ತೆ ಅಪಘಾತ, ಅಪರಿಚಿತ ವಾಹನ ಅಂತ ಸರಿಪಡಿಸಿ ಡಾಕ್ಟರ ಸಹಿ ಹಾಕಿಸಿ, ಎಂಎಲ್‌ಸಿ (ಪೊಲೀಸ್ ಕೇಸಿಗೆ ಸೇರೋ ವೈದ್ಯಕೀಯ ದಾಖಲೆ) ನಂಬರ್ ಕೇಳಿ. ಪ್ಲೇಟ್ ಹಾಕುವ ಆಪರೇಷನ್ ಬೇಕು ಅಂದರೆ 2025ರ ನಗದುರಹಿತ ಚಿಕಿತ್ಸಾ ಯೋಜನೆ ವಿಚಾರಿಸಿ: ಅಪಘಾತದ ದಿನದಿಂದ 7 ದಿನ, 1.5 ಲಕ್ಷದವರೆಗೆ, ಯೋಜನೆಗೆ ಸೇರಿದ ಆಸ್ಪತ್ರೆಗಳಲ್ಲಿ ಮಾತ್ರ.

ವಾರ್ಜೆ_ಗದಗ:
ಠಾಣೆಯಲ್ಲೇ ಇದ್ದೀನಿ. "ನಂಬರ್ ಇಲ್ಲ, ಎನ್‌ಸಿ (ನಾನ್-ಕಾಗ್ನಿಜಬಲ್ ದೂರು) ಸಾಕು, ಇನ್ಶೂರೆನ್ಸ್‌ಗೆ ನಡೆಯುತ್ತೆ" ಅಂತಿದ್ದಾರೆ.

ಶಿವಾಜಿನಗರ_ವಕೀಲ:
ಕಾರಿಗಾದರೆ ನಡೆದೀತು, ಕೈಗೆ ನಡೆಯಲ್ಲ. ಎನ್‌ಸಿಯಲ್ಲಿ ಮ್ಯಾಜಿಸ್ಟ್ರೇಟ್ ಆದೇಶವಿಲ್ಲದೆ ತನಿಖೆಯೇ ಇಲ್ಲ, ಟೋಲ್‌ಗೆ ಯಾರು ಪತ್ರ ಬರೀತಾರೆ? ಎಕ್ಸ್‌ರೇ ಮುಂದಿಟ್ಟು ಭಾರತೀಯ ನ್ಯಾಯ ಸಂಹಿತೆ 281 (ಅಜಾಗರೂಕ ಚಾಲನೆ) ಮತ್ತು 125(ಬಿ) (ಅದರಿಂದ ತೀವ್ರ ಗಾಯ) ಅನ್ನಿ, ಎರಡೂ ಕಾಗ್ನಿಜಬಲ್, ಅಂದರೆ ಪೊಲೀಸರೇ ನೇರ ತನಿಖೆ ಮಾಡಬಹುದಾದವು. ಚಾಲಕ "ಅಪರಿಚಿತ" ಅಂತಲೇ ಎಫ್‌ಐಆರ್ ಆಗುತ್ತೆ. ಒಪ್ಪದಿದ್ದರೆ ಜಗಳ ಬೇಡ, ಲಿಖಿತ ದೂರು ಕೊಟ್ಟು ನಿಮ್ಮ ಪ್ರತಿಯ ಮೇಲೆ ಸೀಲು ಹಾಕಿಸಿ. ಅದೇ ದೂರನ್ನು ನಾಗರಿಕ ಸುರಕ್ಷಾ ಸಂಹಿತೆ 173(4)ರ ಪ್ರಕಾರ ಆ ವಲಯದ ಡಿಸಿಪಿಗೆ ಅಂಚೆಯಲ್ಲಿ ಕಳಿಸಿ, ರಸೀದಿ ಇಟ್ಟುಕೊಳ್ಳಿ. ಅಲ್ಲೂ ಆಗದಿದ್ದರೆ ಮ್ಯಾಜಿಸ್ಟ್ರೇಟ್ ಮುಂದೆ ಅರ್ಜಿ.