ಗಾಡಿಯೇ ಇಲ್ಲದ ಬೆಳಗಿನ ಜಾವ ಗಾಳಿ ಯಾಕೆ ಅಷ್ಟು ಕೆಟ್ಟಿರುತ್ತದೆ?

ಕಿಟಕಿ_ಪಕ್ಕ:
ಮಗಳಿಗೆ ಆರು ವರ್ಷ. ಚಳಿ ಶುರುವಾಯಿತೆಂದರೆ ರಾತ್ರಿ ಉಬ್ಬಸ. ಕಿಟಕಿಯ ಅಂಚನ್ನು ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಬರುವುದು ಕೆಂಪು ಧೂಳಲ್ಲ, ಲಾಟೀನಿನ ಗಾಜು ಒರೆಸಿದ ಹಾಗೆ ಕರಿ ಮಸಿ, ಬೆರಳಿಗೆ ಅಂಟುತ್ತದೆ. ಈಗ ದಿನಾ ಮೊಬೈಲಿನಲ್ಲಿ ಪಿಎಂ 2.5, ಅಂದರೆ ಗಾಳಿಯಲ್ಲಿ ತೇಲುವ ತೀರಾ ಸಣ್ಣ ಕಣಗಳ ಪ್ರಮಾಣ, ನೋಡುತ್ತೇನೆ. ಬೆಳಗಿನ ಜಾವ ರಸ್ತೆ ಖಾಲಿ, ಆದರೂ ಆಗಲೇ ಜಾಸ್ತಿ. ಮಧ್ಯಾಹ್ನ ಟ್ರಾಫಿಕ್ ತುಂಬಿದಾಗ ಕಡಿಮೆ! ಹೇಗೆ ಇದು? ಬೆಳೆಯುತ್ತಿರುವ ದೇಶಗಳಲ್ಲಿ ಹೊಗೆ ಇದ್ದದ್ದೇ, ದುಡ್ಡು ಬಂದ ಮೇಲೆ ಸರಿಹೋಗುತ್ತದೆ ಅನ್ನುತ್ತಾರೆ. ಕೇಳಿದರೆ ಸಿಟ್ಟು ಬರುತ್ತದೆ. ಎಲ್ಲಾದರೂ ಸರಿಹೋಗಿದೆಯಾ?

ಮೋಡಗಣ್ಣ:
ನಿಮ್ಮ ಮೊಬೈಲ್ ಸರಿಯಾಗೇ ಹೇಳುತ್ತಿದೆ. ರಾತ್ರಿ ನೆಲ ಬೇಗ ತಣ್ಣಗಾಗುತ್ತದೆ, ಅದರ ಜೊತೆ ನೆಲದ ಹತ್ತಿರದ ಗಾಳಿಯೂ. ಮೇಲೆ ಬೆಚ್ಚನೆಯ ಗಾಳಿ ಪಾತ್ರೆಗೆ ತಟ್ಟೆ ಮುಚ್ಚಿದ ಹಾಗೆ ಕೂತುಬಿಡುತ್ತದೆ. ನಿನ್ನೆ ಸಂಜೆಯ ಗಾಡಿ ಹೊಗೆ, ರಾತ್ರಿ ಲಾರಿಗಳದ್ದು, ಸುಟ್ಟ ಕಸದ್ದು ಎಲ್ಲ ಅದರ ಕೆಳಗೇ ಸಿಕ್ಕಿಕೊಳ್ಳುತ್ತದೆ. ಬಿಸಿಲೇರಿ ನೆಲ ಕಾದ ಮೇಲೆ ಆ ಮುಚ್ಚಳ ಒಡೆದು ಹೊಗೆ ಮೇಲಕ್ಕೆ ಹರಡುತ್ತದೆ. ಅಂದರೆ ಮಧ್ಯಾಹ್ನ ಹೊಗೆ ಕಡಿಮೆ ಆಗಿದೆ ಅಂತಲ್ಲ, ಅದಕ್ಕೆ ಜಾಗ ಸಿಕ್ಕಿದೆ ಅಷ್ಟೇ. ಚಳಿಗಾಲದಲ್ಲಿ ಮಗುವನ್ನು ನಸುಕಿನಲ್ಲಿ ವಾಕಿಂಗಿಗೆ ಕರೆದುಕೊಂಡು ಹೋಗಬೇಡಿ, ಬಿಸಿಲು ಬಂದ ಮೇಲೆ ಹೋಗಿ.

ಹಳೇ_ಸೈಕಲ್:
ಸರಿಹೋದ ಊರುಗಳಿವೆ. ಬೀಜಿಂಗ್‌ನಲ್ಲಿ 2013ರಲ್ಲಿ ವರ್ಷದ ಸರಾಸರಿ ಪಿಎಂ 2.5 ಒಂದು ಘನ ಮೀಟರ್ ಗಾಳಿಗೆ ಸುಮಾರು 90 ಮೈಕ್ರೋಗ್ರಾಂ ಇತ್ತು, 2020ಕ್ಕೆ 38ಕ್ಕೆ ಇಳಿಯಿತು. ಕಲ್ಲಿದ್ದಲು ಬಾಯ್ಲರ್ ತೆಗೆಸಿದರು, ಹಳೇ ಗಾಡಿ ರಸ್ತೆಯಿಂದ ಇಳಿಸಿದರು, ಸುತ್ತಲಿನ ಪ್ರಾಂತ್ಯಗಳನ್ನೂ ಸೇರಿಸಿಕೊಂಡರು. ಈ ಕೊನೆಯದ್ದು ನನಗೆ ಬಹಳ ಮುಖ್ಯ ಅನ್ನಿಸುತ್ತದೆ, ಹೊಗೆಗೆ ಊರಿನ ಗಡಿ ಗೊತ್ತಿಲ್ಲ ಅಲ್ವಾ. ಆದರೂ 38 ಕೂಡ ಜಾಸ್ತಿಯೇ: ವರ್ಷದ ಸರಾಸರಿಗೆ ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದ ಮಿತಿ 5, ಭಾರತದ ಮಿತಿ 40.

ಸುಮ್ನೆ ಗಾಡಿ ನಿಲ್ಲಿಸಿದರೆ ಆಗಲ್ಲ. ಮೆಕ್ಸಿಕೋ ಸಿಟಿಯಲ್ಲಿ 1989ರಿಂದ ನಂಬರ್ ಪ್ಲೇಟ್ ನೋಡಿ ವಾರಕ್ಕೊಂದು ದಿನ ಕಾರು ತೆಗೆಯಬಾರದು ಅಂದರು. ಜನ ಎರಡನೇ ಕಾರು ಕೊಂಡರು, ಅದೂ ಹಳೇದು.

ದೆಹಲಿಯ ಕಥೆ ಬೇರೆ. 1998ರ ಸುಪ್ರೀಂ ಕೋರ್ಟ್ ಆದೇಶದಿಂದ 2002ರ ಕೊನೆಗೆ ಬಸ್ಸುಗಳೆಲ್ಲ ಸಿಎನ್‌ಜಿಗೆ ಬಂದವು. ಆಮೇಲೆ ಸ್ವಂತ ಗಾಡಿಗಳು ಎಷ್ಟು ಹೆಚ್ಚಿದವೆಂದರೆ ಗಳಿಸಿದ್ದು ಕರಗಿಹೋಯಿತು.

ಗ್ಯಾರೇಜ್_ಮಾತು:
ಎಂಜಿನ್ ಬಗ್ಗೆ ಮಾತಾಡುವವರು ಡೀಸೆಲ್ಲಿನ ಬಗ್ಗೆ ಮರೆಯುತ್ತಾರೆ. ಹೊಗೆಯಲ್ಲಿನ ಮಸಿ ಹಿಡಿಯುವ ಫಿಲ್ಟರ್ ಸರಿಯಾಗಿ ಕೆಲಸ ಮಾಡಬೇಕಾದರೆ ಡೀಸೆಲ್ಲಿನಲ್ಲಿ ಗಂಧಕ ತೀರಾ ಕಡಿಮೆ ಇರಬೇಕು. ಭಾರತದಲ್ಲಿ 2020ರ ಏಪ್ರಿಲ್‌ನಿಂದ ಅದು 50 ಪಿಪಿಎಂನಿಂದ (ಹತ್ತು ಲಕ್ಷ ಭಾಗದಲ್ಲಿ 50 ಭಾಗ) 10ಕ್ಕೆ ಇಳಿಯಿತು. ಎಷ್ಟೋ ಬಡ ದೇಶಗಳಿಗೆ ಶ್ರೀಮಂತ ದೇಶಗಳು ಬಳಸಿ ಬಿಟ್ಟ ಗಾಡಿಗಳೇ ಹಡಗಿನಲ್ಲಿ ಬರುತ್ತವೆ, ಕೆಲವಕ್ಕೆ ಫಿಲ್ಟರ್ ಕಿತ್ತಿರುತ್ತಾರೆ. ಒಬ್ಬರ ಕಸ ಇನ್ನೊಬ್ಬರ ಮಗುವಿನ ಎದೆಗೆ ಹೋಗುತ್ತಿದೆ. ಇದು ಅನ್ಯಾಯ.

ಕಿಟಕಿ_ಪಕ್ಕ:
ತುಂಬಾ ಥ್ಯಾಂಕ್ಸ್. ಗಾಳಿ ಬರಲಿ ಅಂತ ನಸುಕಿನಲ್ಲೇ ಎದ್ದು ಕಿಟಕಿಗಳನ್ನೆಲ್ಲ ತೆರೆದಿಡುತ್ತಿದ್ದೆ, ಅವಳು ಮಲಗಿರುವ ರೂಮಿನದ್ದೂ. ನಾಳೆಯಿಂದ ಬಿಸಿಲು ಬಂದ ಮೇಲೇ ತೆರೆಯುತ್ತೇನೆ.